ಕೀಮೋ ವಾರ್ಡ್‌ನಲ್ಲಿ 'ತಡೀರಿ' ಎನ್ನುವವರು ಯಾರು?

ನಮಸ್ಕಾರ. ಇವತ್ತು ಎರಡು ಸಿರಿಂಜ್‌ಗಳಿಂದ ಮಾತು ಶುರು ಮಾಡುತ್ತೇನೆ.

ರಕ್ತದ ಕ್ಯಾನ್ಸರ್ ಇರುವ ಒಂದು ಮಗು ಇದೆ ಅಂದುಕೊಳ್ಳಿ. ಅದಕ್ಕೆ ಎರಡು ಔಷಧಿ ಕೊಡಬೇಕು. ಒಂದು ಮೆಥೊಟ್ರೆಕ್ಸೇಟ್. ಅದನ್ನು ಬೆನ್ನಿಗೆ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತ ಇರುವ ನೀರಿಗೆ ಕೊಡುತ್ತಾರೆ. ಇನ್ನೊಂದು ವಿನ್‌ಕ್ರಿಸ್ಟಿನ್. ಅದು ರಕ್ತನಾಳಕ್ಕೆ ಮಾತ್ರ ಹೋಗಬೇಕು. ಎರಡೂ ಸಿರಿಂಜ್ ಒಂದೇ ಟ್ರೇಯಲ್ಲಿದ್ದು, ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ಮಗು ಉಳಿಯುವುದು ತೀರಾ ಅಪರೂಪ. ಹೀಗೆ ಬೇರೆ ಬೇರೆ ದೇಶಗಳಲ್ಲಿ ನಿಜವಾಗಿಯೂ ಆಗಿದೆ. ಒಂದಲ್ಲ, ಹಲವು ಸಲ.

ಇದನ್ನು ತಪ್ಪಿಸುವುದು ಹೇಗೆ? ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜ್‌ಗೆ ತುಂಬಿ ವಾರ್ಡ್‌ಗೆ ಕಳಿಸಲೇಬಾರದು. 50 ಎಂಎಲ್ ಸಲೈನ್ ಇರುವ ಪುಟ್ಟ ಬ್ಯಾಗ್‌ಗೆ ಹಾಕಿ ಕಳಿಸಬೇಕು. ಬ್ಯಾಗ್ ಕೈಯಲ್ಲಿ ಹಿಡಿದವರು ಅದನ್ನು ಬೆನ್ನಿಗೆ ಕೊಡಲು ಹೋಗುವುದಿಲ್ಲ. ಇಷ್ಟೇ ಉಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇದನ್ನು ಹೇಳಿದೆ.

ಆ ಬ್ಯಾಗ್ ತಯಾರಾಗುವ ಜಾಗದಲ್ಲಿ ನಿಲ್ಲುವವನು ನಾನು. ಕ್ಯಾನ್ಸರ್ ವಿಭಾಗದ ಕ್ಲಿನಿಕಲ್ ಫಾರ್ಮಸಿಸ್ಟ್, ಅಂದರೆ ರೋಗಿಗೆ ಹೋಗುವ ಔಷಧಿ, ಡೋಸ್ ಸರಿಯಿದೆಯೇ ಎಂದು ನೋಡುವವನು. ಕೀಮೋ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ಈ ಕೆಲಸಕ್ಕೆಂದೇ ಒಬ್ಬರು ಇರಬೇಕು, ಅವರು 'ತಡೀರಿ' ಅಂದರೆ ಕೀಮೋ ನಿಲ್ಲಬೇಕು ಎನ್ನುವುದು ನನ್ನ ಮಾತು. ಈಗ ಎಷ್ಟೋ ಕಡೆ ವಾರ್ಡ್‌ನ ನರ್ಸ್ ಹತ್ತು ಕೆಲಸದ ನಡುವೆ ಕೀಮೋ ಬೆರೆಸುತ್ತಾರೆ. ಅದು ಅವರ ಮೇಲೂ ಅನ್ಯಾಯ. ಆ ಔಷಧಿ ಬೆರೆಸುವವರ ಮೈಗೂ ಒಳ್ಳೆಯದಲ್ಲ.

ಲೆಕ್ಕದ ಒಂದು ಉದಾಹರಣೆ ನೋಡಿ. ಕಾರ್ಬೊಪ್ಲಾಟಿನ್ ಎನ್ನುವ ಔಷಧಿಯ ಡೋಸ್ ಕಿಡ್ನಿಯ ಮೇಲೆ ನಿಂತಿದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಶುದ್ಧ ಮಾಡುತ್ತದೋ ಅದಕ್ಕೆ 25 ಕೂಡಿಸಿ, ರಕ್ತದಲ್ಲಿ ಔಷಧಿ ಎಷ್ಟಿರಬೇಕು ಎಂದು ಡಾಕ್ಟರ್ ಬರೆದ ಗುರಿ ಸಂಖ್ಯೆಯಿಂದ ಗುಣಿಸಬೇಕು. ಗುರಿ 5, ಕಿಡ್ನಿ 90 ಇದ್ದರೆ 575 ಮಿಲಿಗ್ರಾಂ. ಅದೇ ಕಿಡ್ನಿ 50ಕ್ಕೆ ಇಳಿದಿದ್ದರೆ 375. ಇನ್ನೂರು ಮಿಲಿಗ್ರಾಂ ವ್ಯತ್ಯಾಸ! ಹಳೆಯ ರಿಪೋರ್ಟ್ ನೋಡಿ ಡೋಸ್ ಬರೆದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ನೆಲ ಕಚ್ಚುತ್ತವೆ.

ತೂಕದ ಕಥೆಯೂ ಹೀಗೇ, ಅದು ಬದಲಾದರೆ ಡೋಸ್ ಕೂಡ ಬದಲಾಗಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಸ್ಪತ್ರೆಯಲ್ಲಿ, ನಾಲ್ಕನೇ ಸುತ್ತಿನ ಕೀಮೋಗೆ ಬಂದ ರೋಗಿ ಎಂಟು ಕೆಜಿ ಇಳಿದಿದ್ದರು. ಹಾಳೆಯಲ್ಲಿ ಮಾತ್ರ ಮೊದಲ ದಿನದ ತೂಕವೇ ಇತ್ತು. ಡಾಕ್ಟರ್ ಹತ್ತಿರ ಹೋಗಿ ಹೇಳಿದೆ. "ನೀವು ಸ್ಟಾಕ್ ನೋಡ್ಕೊಳ್ಳಿ" ಎಂದರು. ಆಮೇಲೆ ಡೋಸ್ ಬದಲಾಯಿತು ನಿಜ. ಆದರೆ ಸೀನಿಯರ್ ಸಿಸ್ಟರ್ ಒಬ್ಬರು ಅದೇ ಮಾತನ್ನು ಇನ್ನೊಮ್ಮೆ ಹೇಳಿದ ಮೇಲೆ. ಆ ಸಿಸ್ಟರ್ ಅವತ್ತು ರಜೆಯಲ್ಲಿದ್ದಿದ್ದರೆ?

ಫಾರ್ಮಸಿಸ್ಟ್ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. 1994ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಬೆಟ್ಸಿ ಲೇಮನ್ ಎಂಬ ಪತ್ರಕರ್ತೆ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ದಾನಾ-ಫಾರ್ಬರ್ ಸಂಸ್ಥೆ ಸೇರಿದ್ದರು. ಹೆಸರಾಂತ ಜಾಗ. ನಾಲ್ಕು ದಿನಕ್ಕೆ ಹಂಚಿ ಕೊಡಬೇಕಾದ ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಿಯನ್ನು ಅಷ್ಟಕ್ಕಷ್ಟೂ ದಿನಾ ಕೊಟ್ಟರು, ನಾಲ್ಕು ದಿನ. ಅವರು ತೀರಿಕೊಂಡರು. ತಪ್ಪು ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ದಾಖಲೆ ನೋಡುವಾಗ. ಅಲ್ಲೂ ಫಾರ್ಮಸಿಸ್ಟ್‌ಗಳು ಇದ್ದರು. ಅವರ ಕೈ ದಾಟಿಯೇ ಆ ಔಷಧಿ ಹೋಯಿತು. ಹಾಗಾಗಿ ನಾನು ಕೇಳುವುದು ಬರೀ ಕುರ್ಚಿಯನ್ನಲ್ಲ. ಚಿಕಿತ್ಸೆಯ ಪೂರ್ತಿ ಪ್ಲ್ಯಾನ್ ಫಾರ್ಮಸಿಸ್ಟ್ ಕೈಯಲ್ಲಿರಬೇಕು. ಅನುಮಾನ ಬಂದರೆ ಔಷಧಿ ಬೆರೆಸುವುದಿಲ್ಲ ಎನ್ನುವ ಹಕ್ಕು ಇರಬೇಕು.

ಓದಿದವರಿಗೆ ಕೊರತೆಯೇನೂ ಇಲ್ಲ. 2008ರಿಂದ ನಮ್ಮ ದೇಶದಲ್ಲಿ ಫಾರ್ಮ್‌ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಎಂಬ ಕೋರ್ಸ್ ಇದೆ. ಆರು ವರ್ಷದ ಓದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಇಷ್ಟು ಓದಿಸಿ ಆಮೇಲೆ ಏನು ಮಾಡುತ್ತೇವೆ? ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನ ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಕೂತು ವಿದೇಶಿ ಕಂಪನಿಗಳಿಗೆ ಔಷಧಿಯ ಅಡ್ಡಪರಿಣಾಮದ ವರದಿ ತುಂಬುತ್ತಿದ್ದಾರೆ. ಆ ಕೆಲಸವೂ ಬೇಕು. ಆದರೆ ಅವರು ರೋಗಿಯ ಪಕ್ಕ ನಿಲ್ಲಲು ಕಲಿತವರು. ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ, ಸರ್ಕಾರಿ ಕಡೆ ಇದಕ್ಕೆಂದೇ ಹುದ್ದೆ ಅಪರೂಪ. ಬಿಟ್ಟು ಹೋಗದೆ ಏನು ಮಾಡುತ್ತಾರೆ, ಹೇಳಿ?

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಮನೆಗೆ ಹೊರಟವರ ಜೊತೆ ಹದಿನೈದು ನಿಮಿಷ ಕೂರುವುದು.

ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ ಸಾಮಾನ್ಯವಾಗಿ 14 ದಿನ ತಗೊಂಡು 7 ದಿನ ಬಿಡಬೇಕು. ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಒಬ್ಬ ತಾಯಿ ಅಂಗೈ, ಅಂಗಾಲು ಸುಲಿದುಕೊಂಡು ವಾಪಸ್ ಬಂದರು. "ಮಾತ್ರೆ ಉಳಿದಿತ್ತಪ್ಪ, ದುಡ್ಡು ಕೊಟ್ಟಿದ್ದಲ್ವಾ, ಯಾಕೆ ದಂಡ ಮಾಡೋದು ಅಂತ ತಗೊಂಡೆ" ಎಂದರು. ಬಿಡುವಿನ ವಾರವೂ ನುಂಗಿದ್ದಾರೆ. ಅವರನ್ನು ಬೈಯುವುದು ಹೇಗೆ? ಬಿಡಬೇಕು ಎಂದು ಅವರ ಮಾತಿನಲ್ಲಿ ಯಾರೂ ಹೇಳಿಯೇ ಇರಲಿಲ್ಲ. ಅವತ್ತಿನಿಂದ ನಾನು ಗೋಡೆ ಕ್ಯಾಲೆಂಡರ್ ತರಲು ಹೇಳುತ್ತೇನೆ. ಬಿಡಬೇಕಾದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕೊಡುತ್ತೇನೆ. ಓದು ಬರದವರಿಗೂ ಗೀಟು ಗೊತ್ತಾಗುತ್ತದೆ.

ಇಮ್ಯಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ಹಣ್ಣು) ಬೇಡ ಎಂಬ ಎಚ್ಚರಿಕೆ ಇದೆ. ನಮ್ಮಲ್ಲಿ ಅದನ್ನು ತಿನ್ನುವವರು ಎಷ್ಟು ಜನ? ಆದರೆ ಅದರ ಹತ್ತಿರದ ನೆಂಟ ಚಕ್ಕೋತ ದೇವನಹಳ್ಳಿ ಕಡೆ ಬೆಳೆಯುತ್ತದೆ. ಹಾಳೆಯಲ್ಲಿ ಚಕ್ಕೋತದ ಹೆಸರು ಇರುವುದಿಲ್ಲ. ಕೂತು ಮಾತಾಡಿದರೆ ಮಾತ್ರ ಅದು ಬಾಯಿಗೆ ಬರುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ ಮುಂದಿನ ಸಲ ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ. ಬಿಪಿ ಮಾತ್ರೆ, ಮಂಡಿನೋವಿನ ಮಾತ್ರೆ, ನಾಟಿ ಔಷಧಿಯ ಪುಡಿ ಇದ್ದರೆ ಅದೂ ಇರಲಿ. ಕೀಮೋ ಬೆರೆಸುವವರು ಯಾರು, ಡೋಸ್ ಇನ್ನೊಮ್ಮೆ ನೋಡುವವರು ಯಾರು ಎಂದು ಕೇಳಿ. ಫಾರ್ಮಸಿಸ್ಟ್ ಇದ್ದರೆ ಆ ಕವರ್ ಅವರ ಮುಂದೆ ಬಿಚ್ಚಿಡಿ.