ಸುಂಬಾ ದ್ವೀಪದಲ್ಲಿ ಕಡಲಂಚಿನ ಜಮೀನು: ಮಾರೋರು ಯಾರು, ಕೊಳ್ಳೋರು ಯಾರು?

[ದೃಶ್ಯ: ಗೋಪುರದ ಹಾಗೆ ಎದ್ದ ಹುಲ್ಲು ಮಾಡಿನ ಮನೆಗಳು. ನಡುವಿನ ಅಂಗಳದಲ್ಲಿ ದಪ್ಪ ಚಪ್ಪಡಿ ಕಲ್ಲುಗಳು.]

ಈ ಕಲ್ಲು ನೋಡಿ. ಮೇಲೆ ಮೆಕ್ಕೆಜೋಳ ಒಣಗಲು ಹರಡಿದ್ದಾರೆ, ತುದೀಲಿ ಒಂದು ಮಗು ಕಾಲು ಇಳಿಬಿಟ್ಟು ಕೂತಿದೆ. ನಮ್ಮೂರ ಅರಳಿಕಟ್ಟೆ ಥರಾನೇ ಕಾಣುತ್ತೆ. ಆದ್ರೆ ಇದು ಸಮಾಧಿ. ಆ ಮನೆಯ ಹಿರಿಯರು ಇದರ ಕೆಳಗೇ ಮಲಗಿದ್ದಾರೆ.

ಇದು ಇಂಡೋನೇಷ್ಯಾದ ಸುಂಬಾ ದ್ವೀಪ. ಇಲ್ಲಿ ಜಮೀನಿನ ಮಾತು ಶುರುವಾಗಬೇಕಾದ್ದು ಈ ಕಲ್ಲಿಂದ. ದಲ್ಲಾಳಿ ಕಳಿಸೋ ಫೋಟೋದಲ್ಲಿ ಮಾತ್ರ ಕಲ್ಲು ಇರಲ್ಲ, ಬರೀ ನೀಲಿ ಸಮುದ್ರ.

ನಮಸ್ಕಾರ. 2024ರಲ್ಲಿ ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಶುರುವಾಯ್ತು. ಹೋಗಿ ಬಂದವರಲ್ಲಿ ಕೆಲವರಿಗೆ ಅಲ್ಲೇ ಒಂದು ತುಂಡು ಜಾಗ ಮಾಡ್ಕೊಂಡ್ರೆ ಹೇಗೆ ಅನ್ನೋ ಆಸೆ. ವಿಚಾರಿಸಿದ್ರೆ ಬಾಲಿ ದುಬಾರಿ. ಆಗ ಯಾರೋ ಕಿವೀಲಿ ಹೇಳ್ತಾರೆ: "ಸುಂಬಾ ನೋಡಿ ಸಾರ್, ಮುಂದಿನ ಬಾಲಿ."

[ದೃಶ್ಯ: ನಕ್ಷೆ. ಬಾಲಿಯಿಂದ ಪೂರ್ವಕ್ಕೆ ಜಾರುತ್ತದೆ.]

ಬಾಲಿಯಿಂದ ಸುಂಬಾದ ಪಶ್ಚಿಮದಲ್ಲಿರೋ ತಂಬೋಲಕಾಗೆ ವಿಮಾನದಲ್ಲಿ ಗಂಟೆಗಿಂತ ಸ್ವಲ್ಪ ಜಾಸ್ತಿ. ದ್ವೀಪದ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್, ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಒಂಚೂರು ದೊಡ್ಡದು. ಜನ ಸುಮಾರು 8 ಲಕ್ಷ. ಪಶ್ಚಿಮದ ಕಡೆ ಒಂದಿಷ್ಟು ಹಸಿರು, ಪೂರ್ವಕ್ಕೆ ಹೋದ್ರೆ ಬೋಳು ಹುಲ್ಲುಗಾವಲು.

ಹಿಂದೆ ಐರೋಪ್ಯರು ಇದನ್ನ ಗಂಧದ ದ್ವೀಪ ಅಂತ ಕರೀತಿದ್ರು. ನಮ್ಮ ಶ್ರೀಗಂಧದ್ದೇ ಜಾತಿಯ ಮರ. ಕಡಿದು ಕಡಿದು ಬಹುಪಾಲು ಮುಗಿಸಿದ್ರು. ಈಗ ಆ ಹೆಸರು ಅಲ್ಲಿನ ಕುದುರೆ ತಳಿಗೆ ಅಂಟಿಕೊಂಡಿದೆ, ಸ್ಯಾಂಡಲ್‌ವುಡ್ ಪೋನಿ ಅಂತ. ನಮ್ಮಲ್ಲಿ ಸಿನಿಮಾಗೆ ಹೋಯ್ತು, ಅವರಲ್ಲಿ ಕುದುರೆಗೆ ಹೋಯ್ತು, ಅಷ್ಟೇ ವ್ಯತ್ಯಾಸ.

[ದೃಶ್ಯ: ಮನೆಯೊಳಗೆ. ನಡುವೆ ಒಲೆ, ಸುತ್ತ ನಾಲ್ಕು ದಪ್ಪ ಕಂಬ.]

ಮನೆ ನೋಡೋಣ. ನೆಲದಿಂದ ಎತ್ತರಿಸಿ ಕಟ್ಟಿರ್ತಾರೆ. ಕೆಳಗೆ ಹಂದಿ, ಕೋಳಿ. ನಡುವಿನ ಅಟ್ಟಣಿಗೆಯಲ್ಲಿ ಜನ. ಮೇಲೆ ಆ ಚೂಪು ಮಾಡಿನೊಳಗೆ ಪೂರ್ವಿಕರ ವಸ್ತುಗಳು, ಅಲ್ಲಿಗೆ ಯಾರು ಬೇಕಾದ್ರೂ ಹತ್ತೋ ಹಾಗಿಲ್ಲ. ಒಲೆ ಮನೆಯ ಮಧ್ಯದಲ್ಲೇ ಉರಿಯುತ್ತೆ, ಹೊಗೆಯೆಲ್ಲ ಮಾಡಿಗೆ. ಮುಂಬಾಗಿಲ ಪಕ್ಕ ಸಾಲಾಗಿ ಕೋಣದ ಕೊಂಬು ಕಟ್ಟಿರ್ತಾರೆ. ತಿಥಿ, ಮದುವೆಗಳಲ್ಲಿ ಈ ಮನೆಯವರು ಎಷ್ಟು ಕೋಣ ಕಡಿದ್ರು ಅನ್ನೋ ಲೆಕ್ಕ ಅದು. ಬ್ಯಾಂಕ್ ಪಾಸ್‌ಬುಕ್ ಗೋಡೆಗೆ ನೇತುಹಾಕಿದ ಹಾಗೆ.

ಈ ಪೂರ್ವಿಕರ ನಂಬಿಕೆಯ ಹೆಸರು ಮರಾಪು. ಬಹಳ ಕಾಲ ಇದನ್ನ ಗುರುತಿನ ಚೀಟಿಯಲ್ಲಿ ಬರೆಸೋಕೆ ಅವಕಾಶ ಇರಲಿಲ್ಲ. 2017ರಲ್ಲಿ ಸಂವಿಧಾನ ನ್ಯಾಯಾಲಯ ಸ್ಥಳೀಯ ನಂಬಿಕೆಗಳನ್ನೂ ನಮೂದಿಸಬಹುದು ಅಂತ ತೀರ್ಪು ಕೊಟ್ಟಿತು.

ಬದುಕು ಸುಲಭದ್ದಲ್ಲ. ಒಣ ತಿಂಗಳುಗಳು ಜಾಸ್ತಿ, ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ನೀರಿಗೆ ನಡೀಬೇಕು. ಹೆಚ್ಚು ಕಡೆ ಊರು ಗುಡ್ಡದ ಮೇಲೆ, ನೀರು ಕೆಳಗೆ. ಮಲೇರಿಯಾ ಇದೆ. ಬೆಳೆಯೋದು ಮೆಕ್ಕೆಜೋಳ, ಮರಗೆಣಸು, ನೀರಿದ್ದಲ್ಲಿ ಭತ್ತ, ಒಂದಿಷ್ಟು ಗೇರು. ಕಡಲಂಚಲ್ಲಿ ವಿಲ್ಲಾ ಕಟ್ಟೋ ಕನಸು ಇರೋರು ಮೊದಲು ಕೇಳಬೇಕಾದ್ದು ಸೂರ್ಯಾಸ್ತ ಹೇಗೆ ಕಾಣುತ್ತೆ ಅಂತಲ್ಲ, ಬೋರು ತೋಡಿದ್ರೆ ಸಿಹಿನೀರು ಬರುತ್ತಾ ಅಂತ.

ಹಾಗಾದ್ರೆ ಈ ಜಾಗಕ್ಕೆ ಬೇಡಿಕೆ ಎಲ್ಲಿಂದ ಬಂತು? ಪಶ್ಚಿಮ ಸುಂಬಾದ ವನೊಕಾಕಾ ಕರಾವಳಿಯಲ್ಲಿ ನಿಹಿ ಅನ್ನೋ ರೆಸಾರ್ಟ್ ಇದೆ. 2016ರಲ್ಲಿ, ಮತ್ತೆ 2017ರಲ್ಲಿ, ಟ್ರಾವೆಲ್ ಆ್ಯಂಡ್ ಲೀಷರ್ ಪತ್ರಿಕೆಯ ಓದುಗರು ಅದನ್ನ ಜಗತ್ತಿನ ನಂಬರ್ ಒನ್ ಹೋಟೆಲ್ ಅಂದ್ರು. ಒಂದು ಹೋಟೆಲ್ ಗೆದ್ದದ್ದಕ್ಕೆ ಅಕ್ಕಪಕ್ಕದ ತೀರವೆಲ್ಲ ಬಂಗಾರ ಅನ್ನೋದು ದಲ್ಲಾಳಿ ಲೆಕ್ಕ. ನನಗೇನೋ ಅದು ಒಪ್ಪಿಗೆ ಆಗಲ್ಲ.

[ದೃಶ್ಯ: ಪರದೆಯ ಮೇಲೆ ದೊಡ್ಡದಾಗಿ "1 ಆರ್ = 100 ಚದರ ಮೀಟರ್".]

ಈಗ ಜಮೀನು. ಅಲ್ಲಿ ಜಾಗವನ್ನ ಆರ್ ಲೆಕ್ಕದಲ್ಲಿ ಹೇಳ್ತಾರೆ. ಒಂದು ಆರ್ ಅಂದ್ರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101. ಅಂದ್ರೆ ಆರ್ ಅಂದ ಕಡೆ ಗುಂಟೆ ಅಂದುಕೊಳ್ಳಿ, ಸಾಕು. ಅಳತೆ ಇಷ್ಟು ಸಲೀಸು. ಇನ್ನುಳಿದಿದ್ದು ಯಾವುದೂ ಸಲೀಸಲ್ಲ.

1960ರ ಮೂಲ ಭೂ ಕಾಯ್ದೆ ಪ್ರಕಾರ ಪೂರ್ಣ ಒಡೆತನ, ಅವರ ಭಾಷೇಲಿ ಹಕ್ ಮಿಲಿಕ್, ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಹಕ್ಕು, ಮಾಲೀಕ: ನಮಗೂ ಅವರಿಗೂ ಅರಬ್ಬಿಯಿಂದಲೇ ಬಂದ ಮಾತುಗಳು, ಆದ್ರೆ ಆ ಹಕ್ಕು ನಮಗಿಲ್ಲ. ಇಂಡೋನೇಷ್ಯಾದವರನ್ನ ಮದುವೆಯಾಗಿ, ಆಸ್ತಿ ಬೇರೆ ಬೇರೆ ಅಂತ ಕರಾರು ಮಾಡ್ಕೊಳ್ಳದಿದ್ರೆ, ಸಂಗಾತಿಯ ಹಕ್ಕಿಗೂ ತೊಡಕು. ಹೊರದೇಶದವರಿಗೆ ಪಿತ್ರಾರ್ಜಿತವಾಗಿ ಬಂದ್ರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು.

ಇನ್ನೊಂದು ಸ್ವಾರಸ್ಯ. ಕೃಷಿ ಜಮೀನಿನ ಮಾಲೀಕ ಅದೇ ಕೆಚಮಾತಾನ್‌ನಲ್ಲಿ, ಅಂದ್ರೆ ನಮ್ಮ ಹೋಬಳಿ ಥರದ ಆಡಳಿತ ಭಾಗದಲ್ಲಿ, ವಾಸ ಇರಬೇಕು ಅಂತ 1961ರ ನಿಯಮ ಹೇಳುತ್ತೆ. ಅಂದ್ರೆ ಜಕಾರ್ತಾದವನಿಗೂ ಸುಂಬಾದ ಹೊಲ ದೂರಾನೇ.

"ಅದಕ್ಕೇನು ಸಾರ್, ನಮ್ಮ ಡ್ರೈವರ್ ಹೆಸರಲ್ಲಿ ಮಾಡಿಸೋಣ" ಅಂತಾರೆ ನೋಡಿ, ಅಲ್ಲೇ ಜನ ಮುಳುಗೋದು. ಅಲ್ಲಿ ಇದನ್ನ ಪಿಂಜಾಮ್ ನಾಮಾ ಅಂತಾರೆ, ಹೆಸರು ಸಾಲ ತಗೊಳ್ಳೋದು. ನಮ್ಮ ಕನ್ನಡದಲ್ಲಿ ಬೇನಾಮಿ. 1960ರ ಆ ಭೂ ಕಾಯ್ದೆಯ 26ನೇ ಕಲಮು ಓದಿ: ವ್ಯವಹಾರ ಅನೂರ್ಜಿತ, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳೋ ಹಾಗಿಲ್ಲ. ಮೂರೂ ಒಟ್ಟಿಗೆ.

ಕಾನೂನಿನ ಒಳಗೆ ಇರೋ ದಾರಿ ಮೂರು. ಮೊದಲನೇದು ಗುತ್ತಿಗೆ. ಎರಡನೇದು, ಅಲ್ಲಿ ವಾಸದ ಪರವಾನಗಿ ಇದ್ರೆ ಮನೆಗೆ ಹಕ್ ಪಕಾಯ್, ಬಳಕೆಯ ಹಕ್ಕು. 2021ರ ನಿಯಮದ ಪ್ರಕಾರ 30 ವರ್ಷ, ಆಮೇಲೆ 20, ಆಮೇಲೆ 30. ಮೂರನೇದು ವಿದೇಶಿ ಬಂಡವಾಳದ ಕಂಪನಿ ಕಟ್ಟಿ ಅದರ ಹೆಸರಲ್ಲಿ ಕಟ್ಟಡದ ಹಕ್ಕು, ಅವಧಿ ಅದೇ 30, 20, 30. ಆದ್ರೆ ಕಂಪನಿಗೆ ಜಮೀನು, ಕಟ್ಟಡ ಬಿಟ್ಟು 1,000 ಕೋಟಿ ರೂಪಿಯಾಗಿಂತ ಹೆಚ್ಚಿನ ಹೂಡಿಕೆ ತೋರಿಸಬೇಕು. ನಮ್ಮ ದುಡ್ಡಲ್ಲಿ 5 ಕೋಟಿ ಆಸುಪಾಸು. ಒಂದು ವಿಲ್ಲಾ ಕಟ್ಟಿ ಬಾಡಿಗೆಗೆ ಬಿಡೋರ ಮಾತಲ್ಲ ಇದು.

[ದೃಶ್ಯ: ಮರಳ ದಂಡೆ. ಭರತದ ಗೆರೆಯಿಂದ ಒಳಕ್ಕೆ ಕೆಂಪು ಪಟ್ಟಿ.]

ಮತ್ತೆ ಆ ಕಡಲಂಚು. ಭರತದ ಗೆರೆಯಿಂದ ಕನಿಷ್ಠ 100 ಮೀಟರ್ ತೀರದ ರಕ್ಷಣಾ ಪಟ್ಟಿ. ನಿಮಗೆ ತೋರಿಸಿದ ತೆಂಗಿನ ಮರದ ಸಾಲು ಅದರೊಳಗೇ ಇರಬಹುದು.

ಇಷ್ಟೆಲ್ಲ ಕಾಗದದ ಕಥೆ. ಕಷ್ಟ ಇರೋದು ಕಾಗದದ ಆಚೆ. ಸುಂಬಾದಲ್ಲಿ ಜನ ಕಬಿಸು ಅನ್ನೋ ಕುಲಗಳಲ್ಲಿ ಹಂಚಿಹೋಗಿದ್ದಾರೆ, ಪೂರ್ವದಲ್ಲಿ ಅದನ್ನೇ ಕಬಿಹು ಅಂತಾರೆ. ಎಷ್ಟೋ ಜಮೀನು ಕುಲದ್ದು. ಉಳೋನು ಒಬ್ಬ, ಆದ್ರೆ ಮಾತಾಡೋ ಹಕ್ಕು ಹತ್ತು ಮನೆಗಿದೆ. ನಮ್ಮಲ್ಲಿ ಪಾಲಾಗದ ಆಸ್ತೀನ ಒಬ್ಬ ತಮ್ಮ ಸಹಿ ಹಾಕಿ ಮಾರಿದ್ರೆ, ಮುಂಬೈಯಲ್ಲಿದ್ದ ಅಣ್ಣ ಬಂದು ದಾವೆ ಹಾಕ್ತಾನಲ್ಲ? ಅದೇ, ಆದ್ರೆ ಇಲ್ಲಿ ಅಣ್ಣಂದಿರು ನೂರು ಜನ, ಕಲ್ಲಿನ ಕೆಳಗಿರೋರು ಬೇರೆ. ಬೆಲಿಸ್ ಅಂತ ವಧುದಕ್ಷಿಣೆಗೆ ಕುದುರೆ, ಕೋಣ ಕೊಡಬೇಕು, ತಿಥಿಗೆ ಕೋಣ ಬೇಕು. ಸಾಲ ಬೆಳೆದಾಗ ಯಾರಾದ್ರೂ ಒಬ್ಬರು ಸಹಿ ಹಾಕಿಬಿಟ್ರೆ ಆಶ್ಚರ್ಯ ಇಲ್ಲ.

ಇದು ಬರೀ ಕೋರ್ಟಿನ ವಿಷಯವೂ ಅಲ್ಲ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಲಂಬೋಯಾ ಕಡೆ ಮರೋಸಿ ತೀರದಲ್ಲಿ ಹೂಡಿಕೆದಾರರಿಗಾಗಿ ಜಮೀನು ಅಳೆಯಲು ಹೋದಾಗ ಊರವರು ಅಡ್ಡ ಬಂದ್ರು. ಆ ಗಲಾಟೆಯಲ್ಲಿ ಒಬ್ಬ ರೈತ ಗುಂಡೇಟಿಗೆ ಸತ್ತರು. ಸರ್ವೆ ಸರಪಳಿ ಹಿಡಿದು ಬಂದ ದಿನ.

ಹಾಗಂತ ಹೋಗಲೇಬೇಡಿ ಅನ್ನಲ್ಲ. ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ, ಮಳೆಗಾಲ ಒಂದು, ಒಣಗಾಲ ಒಂದು. ಫೆಬ್ರವರಿ, ಮಾರ್ಚಲ್ಲಿ ಪಸೋಲಾ ಇರುತ್ತೆ, ಕುದುರೆ ಏರಿ ಎರಡು ಕಡೆಯವರು ಮೊಂಡು ಈಟಿ ಎಸೆಯೋ ಆಚರಣೆ. ಅದರ ದಿನ ಕ್ಯಾಲೆಂಡರ್ ನೋಡಿ ಹೇಳೋದಲ್ಲ. ಚಂದ್ರನ ಲೆಕ್ಕ ಹಾಕಿ, ಕಡಲಲ್ಲಿ ನ್ಯಾಲೆ ಹುಳು ಬರೋ ಹೊತ್ತು ನೋಡಿ ರಾತೋ ಅನ್ನೋ ಪುರೋಹಿತರು ಹೇಳ್ತಾರೆ. ಆ ತೀರದಲ್ಲಿ ನೀವು ಬೇಲಿ ಹಾಕಿದ್ರೆ ಕುದುರೆ ಎಲ್ಲಿ ಓಡಬೇಕು ಅಂತ ಆಗ ಗೊತ್ತಾಗುತ್ತೆ.

[ದೃಶ್ಯ: ಹೆಣೆದ ಬುಟ್ಟಿ. ಹಸಿ ಅಡಿಕೆ, ಬೆರಳುದ್ದದ ಹಸಿರು ಕಾಯಿ, ಸುಣ್ಣದ ಡಬ್ಬಿ.]

ಮತ್ತೆ ಯಾರ ಮನೆಗೆ ಹೋದ್ರೂ ಮೊದಲು ಮುಂದಿಡೋದು ಇದು. ಎಲೆ ಅಡಿಕೆ. ಆದ್ರೆ ಎಲೆ ಬದಲು ವೀಳ್ಯದ ಬಳ್ಳಿಯ ಈ ಉದ್ದ ಕಾಯಿ. ಅದನ್ನ ಸುಣ್ಣಕ್ಕೆ ಅದ್ದಿ, ಅಡಿಕೆ ಜೊತೆ ಅಗೀತಾರೆ. ಅಡಿಕೆ ಹಸೀದು, ನಮ್ಮ ಮಲೆನಾಡಿನವರಿಗೂ ತಲೆ ತಿರುಗೀತು, ಹುಷಾರು. ಬಾಯಿಗೆ ಹಾಕದಿದ್ರೂ ಪರವಾಗಿಲ್ಲ, ಆದ್ರೆ ಬೇಡ ಅನ್ನಬೇಡಿ, ಕೈಯಲ್ಲಿ ತಗೊಳ್ಳಿ. ಹೋಗುವಾಗ ಸಂತೆಯಿಂದ ಒಂದು ಪೊಟ್ಟಣ ನೀವೂ ಒಯ್ಯಿರಿ. ಜಮೀನಿನ ಮಾತು ಆ ದಿನ ಎತ್ತಬೇಡಿ.