ಇಲ್ಲದ ಓದುಗನ ಹೆಸರಿನಲ್ಲಿ ಪುಸ್ತಕ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಜಯನಗರದ ವಾಚನಾಲಯವೊಂದಕ್ಕೆ ನಾವು ಕೆಲವರು ಸೇರಿ ವೆಬ್ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದೆವು. ಅದರ ಡೇಟಾಬೇಸಿನಲ್ಲಿ ಓದುಗರಿಗೊಂದು, ಪುಸ್ತಕಗಳಿಗೊಂದು, ಎರವಲಿಗೊಂದು ಟೇಬಲ್ ಇದ್ದವು. ಎರವಲಿನ ಪ್ರತಿ ಸಾಲಿನಲ್ಲೂ ಓದುಗನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಓದುಗ ನಿಜಕ್ಕೂ ಇದ್ದಾನೆಯೇ ಎಂದು ಕಾಯುವ ಕಟ್ಟುಪಾಡೇ ಫಾರಿನ್ ಕೀ. ಹೀಗೆ ಟೇಬಲ್‌ಗಳಲ್ಲಿ ಮಾಹಿತಿ ಇಡುವ ಮಾದರಿಯನ್ನು ರೂಪಿಸಿದ ಎಡ್ಗರ್ ಕಾಡ್ ಅವರ 1970ರ ಲೇಖನದಲ್ಲೇ ಈ ಹೆಸರು ಬರುತ್ತದೆ.

ಕೋಡಿನ ಒಂದೊಂದು ತುಣುಕನ್ನೂ ಪರೀಕ್ಷಿಸುವ ನಮ್ಮ ಯೂನಿಟ್ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಆದರೆ ತಂತ್ರಾಂಶವನ್ನು ಸರ್ವರಿಗೆ ಏರಿಸಿದ ದಿನವೇ, ಒಬ್ಬ ಓದುಗರ ಸದಸ್ಯತ್ವ ರದ್ದುಮಾಡಲು ಹೊರಟ ಗ್ರಂಥಪಾಲಕಿಯವರಿಗೆ ದೋಷದ ಪುಟ ಎದುರಾಯಿತು. ಆ ಓದುಗರ ಬಳಿ ಇನ್ನೂ ಎರಡು ಪುಸ್ತಕಗಳಿದ್ದವು. ಸರ್ವರಿನಲ್ಲಿದ್ದ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಅಳಿಸಲು ಒಪ್ಪಲಿಲ್ಲ. ನಾವು ಟೆಸ್ಟ್ ನಡೆಸಿದ್ದ ಇನ್ನೊಂದು ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಲೈಟ್ ಮಾತ್ರ ತುಟಿಪಿಟಕ್ಕೆನ್ನದೆ ಒಪ್ಪಿತ್ತು. ಎಸ್‌ಕ್ಯೂಲೈಟಿಗೆ 2009ರಿಂದಲೇ ಫಾರಿನ್ ಕೀ ಪಾಲಿಸುವುದು ಗೊತ್ತು, ಆದರೆ ಡೇಟಾಬೇಸಿಗೆ ತೆರೆಯುವ ಪ್ರತಿ ಕನೆಕ್ಷನ್ನಿನಲ್ಲೂ ನಾವಾಗಿ ಪ್ರಾಗ್ಮಾ ಎಂಬ ಸೆಟ್ಟಿಂಗ್ ಆದೇಶ ಕೊಟ್ಟು ಅದನ್ನು ಚಾಲೂ ಮಾಡಬೇಕು.

ಆದೇಶ ಕೊಟ್ಟೆವು, ಏನೂ ಬದಲಾಗಲಿಲ್ಲ. ಒಂದು ಇಡೀ ಸಂಜೆ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ಪ್ರತಿ ಟೆಸ್ಟಿಗೂ ಮುನ್ನ ಟ್ರಾನ್ಸಾಕ್ಷನ್ ಒಂದು, ಅಂದರೆ ಒಟ್ಟಾಗಿ ಉಳಿಯುವ ಇಲ್ಲವೇ ಒಟ್ಟಾಗಿ ರದ್ದಾಗುವ ಬದಲಾವಣೆಗಳ ಕಟ್ಟು, ತೆರೆದುಕೊಳ್ಳುತ್ತಿತ್ತು, ನಮ್ಮ ಆದೇಶ ಅದರೊಳಗೆ ಸಿಕ್ಕಿಕೊಂಡಿತ್ತು. ಟ್ರಾನ್ಸಾಕ್ಷನ್ ನಡೆಯುತ್ತಿರುವಾಗ ಈ ಆದೇಶಕ್ಕೆ ಯಾವ ಪರಿಣಾಮವೂ ಇಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಕನೆಕ್ಷನ್ ತೆರೆದ ಕೂಡಲೇ ಆದೇಶ ಕೊಟ್ಟಾಗ ಟೆಸ್ಟ್‌ಗಳು ಸಾಲುಸಾಲಾಗಿ ಬಿದ್ದವು. ಅವುಗಳಲ್ಲಿ ಹೆಚ್ಚಿನವು, ಓದುಗನನ್ನೇ ಸೇರಿಸದೆ, ಓದುಗ ಸಂಖ್ಯೆ 1 ಎಂದು ಬರೆದು ಎರವಲು ಕೊಟ್ಟಿದ್ದವು.

ಆಗ ಒಬ್ಬ ಗೆಳೆಯರು ಟೆಸ್ಟಿನ ಮಟ್ಟಿಗೆ ಫಾರಿನ್ ಕೀಯನ್ನು ಬಂದ್ ಮಾಡಿಬಿಡೋಣ ಎಂದರು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಗ್ರಂಥಪಾಲಕಿಯವರ ಮುಂದೆ ಬಂದ ದೋಷವನ್ನು ನಮ್ಮಿಂದ ಮುಚ್ಚಿಟ್ಟಿದ್ದೇ ಹಾಗೆ ಬಂದ್ ಆಗಿದ್ದ ಆ ಕಟ್ಟುಪಾಡು. ಟೆಸ್ಟ್‌ಗಳನ್ನೂ ಪೋಸ್ಟ್‌ಗ್ರೆಸ್ಸಿಗೇ ಒಯ್ದೆವು. ಸೇರಿಸುವಾಗ ಮೊದಲು ಓದುಗ ಮತ್ತು ಪುಸ್ತಕ, ಆಮೇಲೆ ಎರವಲು. ಅಳಿಸುವಾಗ ಇದಕ್ಕೆ ತಿರುಗುಮುರುಗು. ಸಂಖ್ಯೆಯನ್ನು ಕೈಯಾರೆ ಬರೆಯದೆ, ಸೇರಿಸಿದ ಓದುಗನಿಂದಲೇ ಪಡೆದೆವು, ಏಕೆಂದರೆ ಟೆಸ್ಟ್ ಮುಗಿದು, ಮಾಡಿದ ಬದಲಾವಣೆಗಳೆಲ್ಲ ರದ್ದಾಗಿ ರೋಲ್‌ಬ್ಯಾಕ್ ಆದರೂ ಪೋಸ್ಟ್‌ಗ್ರೆಸ್ಸಿನ ಸೀಕ್ವೆನ್ಸ್, ಅಂದರೆ ಹೊಸ ಸಂಖ್ಯೆ ಕೊಡುವ ಎಣಿಕೆ, ಹಿಂದಕ್ಕೆ ಹೋಗುವುದಿಲ್ಲ. ಮುಂದಿನ ಟೆಸ್ಟಿನ ಮೊದಲ ಓದುಗನಿಗೆ 2 ಬರಬಹುದು, 40 ಬರಬಹುದು.

ಪುಸ್ತಕ ಬಾಕಿಯಿದ್ದರೆ ಸದಸ್ಯತ್ವ ಏನಾಗಬೇಕು ಎಂದು ಕೊನೆಗೆ ಗ್ರಂಥಪಾಲಕಿಯವರನ್ನೇ ಕೇಳಿದೆವು. ಅವರು ಹಳೆಯ ರಿಜಿಸ್ಟರ್ ತೆರೆದು, "ಪುಸ್ತಕ ವಾಪಸ್ ಬರೋವರೆಗೂ ಹೆಸರು ಹೊಡೆದುಹಾಕೋ ಹಾಗಿಲ್ಲ" ಎಂದರು. ಅಂದು ನಾವು ಬರೆದ ಮೊದಲ ಟೆಸ್ಟಿಗೆ ಆ ಮಾತನ್ನೇ ಹೆಸರಾಗಿ ಇಟ್ಟೆವು.