ಮೂತ್ರಪಿಂಡದ ಕಲ್ಲು: ಹುಟ್ಟುವ ಬಗೆ, ಎಚ್ಚರ ಬೇಕಾದವರು

ಗೋಣಿಕೊಪ್ಪಲಿನ ಬೆಳೆಗಾರ ಬಂಧುಗಳೇ, ತೋಟದ ಕಾರ್ಮಿಕ ಮಿತ್ರರೇ,

ಅನ್ನದಲ್ಲಿ ಸಿಕ್ಕ ಕಲ್ಲನ್ನೋ ಟೊಮೆಟೊ ಬೀಜವನ್ನೋ ನುಂಗಿದ್ದರಿಂದ ಕಿಡ್ನಿಯಲ್ಲಿ ಕಲ್ಲಾಯಿತೆಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನುಂಗಿದ್ದು ಕರುಳಿನ ದಾರಿ ಹಿಡಿದು ಹೊರಹೋಗುತ್ತದೆಯೇ ಹೊರತು ಮೂತ್ರಪಿಂಡವನ್ನು ಮುಟ್ಟುವುದೇ ಇಲ್ಲ. ಕಲ್ಲು ಹುಟ್ಟುವುದು ಮೂತ್ರದಲ್ಲಿ ಕರಗಿರುವ ಲವಣಗಳಿಂದ. ನೀರಿನಂಶ ಕಡಿಮೆಯಾಗಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲಗಳು ಕರಗಿರಲಾರದಷ್ಟು ಹೆಚ್ಚಿದಾಗ ಅವು ಹರಳುಗಟ್ಟುತ್ತವೆ; ಹರಳು ಬೆಳೆಯದಂತೆ ತಡೆಯುವ ಸಿಟ್ರೇಟ್ ಕೂಡ ಕಡಿಮೆಯಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಹೀಗೆ ಹರಳು ಕಚ್ಚಿಕೊಳ್ಳುವ ಜಾಗದಲ್ಲಿ ಮೊದಲೇ ಕ್ಯಾಲ್ಸಿಯಂನ ಸಣ್ಣ ಮಚ್ಚೆಗಳಿರುವುದನ್ನು ಅಮೆರಿಕದ ವೈದ್ಯ ಅಲೆಕ್ಸಾಂಡರ್ ರಾಂಡಲ್ 1937ರಲ್ಲಿಯೇ ವಿವರಿಸಿದ್ದರು.

ಹತ್ತು ಕಲ್ಲುಗಳಲ್ಲಿ ಏಳೆಂಟು ಕ್ಯಾಲ್ಸಿಯಂ ಆಕ್ಸಲೇಟಿನವು. ಮಳೆಗಾಲದಲ್ಲಿ ನಾವು ತಿನ್ನುವ ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಆ ತುರಿಕೆ ಎಬ್ಬಿಸುವ ಸೂಕ್ಷ್ಮ ಸೂಜಿಗಳೂ ಇದೇ ಲವಣದವು. ಹಾಗೆಂದು ಆ ಸೂಜಿಗಳೇ ಹೋಗಿ ಕಿಡ್ನಿಯಲ್ಲಿ ಕೂರುವುದಿಲ್ಲ. ಎಲೆಯಲ್ಲಿ ಕರಗುವ ರೂಪದಲ್ಲಿರುವ ಆಕ್ಸಲೇಟ್ ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಅದೇ ಊಟದಲ್ಲಿ ಮೊಸರಿದ್ದರೆ ಮೊಸರಿನ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಕಲ್ಲಾದವರು ಹಾಲು ಮೊಸರು ಬಿಡಬೇಕೆಂಬ ಸಲಹೆ ಆದ್ದರಿಂದ ತಲೆಕೆಳಗಾದದ್ದು. ಕಡಿಮೆ ಮಾಡಬೇಕಾದದ್ದು ಉಪ್ಪನ್ನು. ಉಪ್ಪು ಹೆಚ್ಚಿದಷ್ಟೂ ಮೂತ್ರಕ್ಕಿಳಿಯುವ ಕ್ಯಾಲ್ಸಿಯಂ ಹೆಚ್ಚುತ್ತದೆ.

ಮಾಂಸ ಅತಿಯಾದರೆ ಯೂರಿಕ್ ಆಮ್ಲ ಏರಿ ಸಿಟ್ರೇಟ್ ಇಳಿಯುತ್ತದೆ. ಹಂದಿಮಾಂಸದ ಪಂದಿಕರಿಗೆ ಹಾಕುವ ಹುಳಿರಸವಾದ ಕಾಚಂಪುಳಿಯ ಹಣ್ಣಿನಲ್ಲಿ ಸಿಟ್ರೇಟನ್ನೇ ಹೋಲುವ ಹೈಡ್ರಾಕ್ಸಿಸಿಟ್ರೇಟ್ ಇದೆ. ಅದು ಆಕ್ಸಲೇಟ್ ಹರಳುಗಳನ್ನು ತಡೆಯಬಲ್ಲದೆಂದು 2016ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಪ್ರಯೋಗಾಲಯದ ಆ ಮಾತನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪಂದಿಕರಿಯ ಎರಡನೆಯ ಬಡಿಸುವಿಕೆಗೆ ಯಾರೂ ನೆಪ ಮಾಡಿಕೊಳ್ಳಬಾರದು.

30ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಗಂಡಸರಲ್ಲಿ, ಇದು ಹೆಚ್ಚು. ಮನೆತನದಲ್ಲಿ ಕಲ್ಲಿನ ತೊಂದರೆ ಇರುವವರು, ಬೊಜ್ಜು, ಸಕ್ಕರೆ ಕಾಯಿಲೆ, ಗೌಟ್ (ಯೂರಿಕ್ ಆಮ್ಲದಿಂದಾಗುವ ಕೀಲುನೋವು) ಇರುವವರು, ಪದೇ ಪದೇ ಮೂತ್ರದ ಸೋಂಕಿಗೆ ಒಳಗಾಗುವವರು ಎಚ್ಚರದಿಂದಿರಬೇಕು. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10 ವರ್ಷದೊಳಗೆ ಮತ್ತೆ ಆಗುತ್ತದೆ.

ನನಗೆ ಹೆಚ್ಚು ಚಿಂತೆಯಿರುವುದು ಕಾಫಿ ಕುಯ್ಲಿನ ತಿಂಗಳುಗಳ ಬಗ್ಗೆ. ಬೆಳಗಿನ ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೆವರು ಹರಿಯುತ್ತದೆ. ತೋಟದಲ್ಲಿ ಶೌಚಾಲಯವಿಲ್ಲವೆಂದು ಹೆಂಗಸರು ಬೇಕೆಂದೇ ನೀರು ಕುಡಿಯದೆ ಸಂಜೆಯವರೆಗೆ ತಡೆಯುತ್ತಾರೆ. ಇದನ್ನು ಕಾರ್ಮಿಕರ ಅಜ್ಞಾನ ಎನ್ನಲು ನಾನು ಒಪ್ಪುವುದಿಲ್ಲ. ನೀರಿನ ಜೊತೆಗೆ ಶೌಚಾಲಯವನ್ನೂ ಒದಗಿಸುವುದು ತೋಟದ ಮಾಲೀಕರ ಹೊಣೆ. ಕಲ್ಲಾದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೃದಯದ ತೊಂದರೆಯೋ ಕಿಡ್ನಿ ವೈಫಲ್ಯವೋ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿಶ್ಚಯಿಸಬೇಕು.

5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಪಾಲು ತಾವಾಗಿಯೇ ಹೊರಬೀಳುತ್ತವೆ. ಆದರೆ ಪಕ್ಕೆಯ ನೋವಿನ ಜೊತೆ ಚಳಿ ಜ್ವರ ಬಂದರೆ, ಇಲ್ಲವೇ ಮೂತ್ರವೇ ನಿಂತರೆ, ಬಾಳೆದಿಂಡಿನ ರಸ ಕುಡಿದು ಕಾಯುವಂತಿಲ್ಲ. ಸೋಂಕು ರಕ್ತಕ್ಕೇರುವ ಮೊದಲು ಅಂದೇ ಆಸ್ಪತ್ರೆ ಸೇರಬೇಕು.